ರಸ್ತೆಯಲ್ಲಿ ನಾಯಿ ಇರಲಿಲ್ಲ

ರಾಯಲ್ಪಾಡು
19 ಫೆಬ್ರವರಿ 2025, ಬುಧವಾರ

ಅಮರನಾಥ್ ಅವರಿಗೆ,

ನನ್ನ ಫೋನು ಬೈಕಿನಿಂದ ಬಿದ್ದ ಆ ಭಾನುವಾರವೇ ಒಡೆದುಹೋಯಿತು. ಅಪ್ಪನ ಫೋನಿನಲ್ಲಿ ಮಾತಾಡೋಣವೆಂದರೆ ಅವರಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಕೈಗೆ ಕೊಡುತ್ತಾರೆ. ಮನೆಮಂದಿಗೆಲ್ಲ ಕೇಳಿಸುತ್ತದೆ. ನೀವೂ ಎರಡು ಸಲ ಫೋನ್ ಮಾಡಿ "ಊಟ ಆಯ್ತಾ, ನೋವು ಹೆಂಗಿದೆ" ಅಂತ ಕೇಳಿ ಇಟ್ಟುಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ. ಮುರಿದಿರುವುದು ಎಡಗಡೆಯ ಕೊರಳೆಲುಬು, ಬಲಗೈ ಚೆನ್ನಾಗಿದೆ.

ಆಸ್ಪತ್ರೆಯಲ್ಲಿ ನೀವು ಎಲ್ಲರಿಗೂ ಹೇಳಿದಿರಿ, ನಾಯಿ ಅಡ್ಡ ಬಂತು ಅಂತ. ಹಿಂದೆ ಕೂತಿದ್ದವಳು ನಾನು. ಮುಳಬಾಗಿಲಲ್ಲಿ ದೋಸೆ ತಿಂದು, ಶ್ರೀನಿವಾಸಪುರದ ರಸ್ತೆ ಹಿಡಿದು ಅರ್ಧ ಗಂಟೆಯೂ ಆಗಿರಲಿಲ್ಲ. ಸಂಜೆ ಶ್ರೀನಿವಾಸಪುರದ ಎಕ್ಸಿಬಿಷನ್‌ನಲ್ಲಿ ಜೈಂಟ್ ವೀಲ್ ಹತ್ತೋಣ ಅಂತ ನಿಮ್ಮ ಬೆನ್ನಿಗೆ ಒರಗಿ ಹೇಳುತ್ತಿದ್ದೆ. ನೀವು ಉತ್ತರ ಕೊಡಲಿಲ್ಲ. ಬೈಕು ಯಾರೋ ಕೈಬಿಟ್ಟ ಹಾಗೆ ನಿಧಾನವಾಗಿ ಎಡಕ್ಕೆ ಹೋಯಿತು. ಬ್ರೇಕ್ ಹಾಕಲಿಲ್ಲ. ಹಾರ್ನ್ ಮಾಡಲಿಲ್ಲ. ರಸ್ತೆಯಲ್ಲಿ ನಾಯಿ ಇರಲಿಲ್ಲ.

ನನಗೆ ಎಚ್ಚರವಾದಾಗ ನೀವು ಟೊಮೇಟೊ ಸಾಲಿನ ನಡುವೆ ಕೂತಿದ್ದಿರಿ. ಕೈಯಲ್ಲಿ ಯಾರದೋ ಕೀಲಿಕೈ ಗೊಂಚಲು ಬಿಗಿಯಾಗಿ ಹಿಡಿದಿದ್ದಿರಿ. ನಾನು "ರೀ" ಅಂದೆ. ನೀವು ನನ್ನನ್ನು ನೋಡಿದಿರಿ, ಯಾರೋ ಪರಿಚಯವಿಲ್ಲದವಳನ್ನು ನೋಡಿದ ಹಾಗೆ. ಎದ್ದು ಬರಲಿಲ್ಲ. ಅಲ್ಲಿದ್ದ ರೈತ ಬಂದು ನನ್ನನ್ನು ಎತ್ತಿದ. ಎಲುಬು ಮುರಿದದ್ದಕ್ಕಿಂತ ಆ ನೋಟವೇ ನನಗೆ ಹೆಚ್ಚು ನೋಯುತ್ತಿದೆ.

ಆ ದಿನ ಏನಾಯಿತು? ಬರೆದು ತಿಳಿಸಿ.

ಸುನಂದ


ಲಕ್ಕೂರು
24 ಫೆಬ್ರವರಿ 2025

ಪ್ರೀತಿಯ ಸುನಂದಾ,

ನಿನ್ನ ಪತ್ರ ಬಂತು. ಅಮ್ಮ, ತಂಗಿ ಅರ್ಪಿತ ಇಬ್ಬರೂ ನಿನ್ನನ್ನು ಕೇಳುತ್ತಿದ್ದಾರೆ. ಅರ್ಪಿತಳನ್ನು ನೋಡಲು ಗಂಡಿನ ಕಡೆಯವರು ಮಾಲೂರಿನಿಂದ ಬಂದು ಹೋದರು, ಒಪ್ಪಿಗೆ ಇರುವ ಹಾಗಿದೆ. ನೀನಿದ್ದಿದ್ದರೆ ಚೆನ್ನಾಗಿರುತ್ತಿತ್ತು.

ನಾಯಿ ಬಂದದ್ದು ನಿಜ. ಸಣ್ಣ ನಾಯಿ, ಕಂದು ಬಣ್ಣ. ನೀನು ನನ್ನ ಬೆನ್ನ ಹಿಂದಿದ್ದೆ, ಕಂಡಿರಲಿಕ್ಕಿಲ್ಲ. ಬಿದ್ದ ಏಟಿಗೆ ನನಗೂ ತಲೆ ಗಿಮ್ಮೆಂದಿತ್ತು, ಹಾಗಾಗಿ ತಕ್ಷಣ ಏಳಲಾಗಲಿಲ್ಲ. ನಿನ್ನನ್ನು ನೋಡದೆ ಇರುತ್ತೇನೆಯೇ? ಆದದ್ದನ್ನು ಮತ್ತೆ ಮತ್ತೆ ಯೋಚಿಸಬೇಡ. ಕೈ ಹೆಚ್ಚು ಆಡಿಸಬೇಡ.

ಫ್ಯಾಕ್ಟರಿಯಲ್ಲಿ ಕೆಲಸ ಜೋರಿದೆ. ಪ್ರೆಸ್ ಸೆಕ್ಷನ್‌ನಲ್ಲಿ ಇಬ್ಬರು ರಜೆ.

ನಿನ್ನ
ಅಮರ್


ರಾಯಲ್ಪಾಡು
1 ಮಾರ್ಚ್ 2025

ಅಮರನಾಥ್ ಅವರಿಗೆ,

ನಾಯಿಗೆ ಈಗ ಬಣ್ಣವೂ ಬಂತು. ಆಸ್ಪತ್ರೆಯಲ್ಲಿ ಹೇಳುವಾಗ ಬಣ್ಣವಿರಲಿಲ್ಲ.

ಇಲ್ಲಿ ಮಲಗಿದ್ದಲ್ಲೇ ಆ ಎರಡು ದಿನವನ್ನೂ ಹೊಲಿಗೆ ಬಿಚ್ಚಿದ ಹಾಗೆ ಒಂದೊಂದೇ ಎಳೆಯಾಗಿ ಬಿಚ್ಚಿ ನೋಡುತ್ತಿದ್ದೇನೆ. ಶನಿವಾರ ಕೋಲಾರದ ಎಕ್ಸಿಬಿಷನ್. ಮದುವೆಯಾದ ಎರಡು ವರ್ಷದಲ್ಲಿ ನಾವಿಬ್ಬರೇ ಹೊರಟದ್ದು ಅದೇ ಮೊದಲು. ತಟ್ಟೆಯಗಲದ ಡೆಲ್ಲಿ ಹಪ್ಪಳವನ್ನು ಇಬ್ಬರೂ ಎರಡು ಕಡೆಯಿಂದ ಮುರಿದು ತಿಂದೆವು. ನಿಮ್ಮ ಮೀಸೆಗೆ ಖಾರದಪುಡಿ ಮೆತ್ತಿಕೊಂಡದ್ದು ನೋಡಿ ನಾನು ನಕ್ಕೆ. ಕೊಲಂಬಸ್ ದೋಣಿ ಹತ್ತುವುದು ಬೇಡ ಅಂದಿರಿ ನೀವು. ನಾನೇ ಕೈ ಹಿಡಿದು ಎಳೆದೆ. ದೋಣಿ ಮೇಲಕ್ಕೆ ಹೋದಾಗ ನಾನು ಕಿರುಚುತ್ತಿದ್ದೆ, ನೀವು ಕಣ್ಣು ಮುಚ್ಚಿಕೊಂಡು ಕಂಬಿ ಹಿಡಿದಿದ್ದಿರಿ. ಇಳಿದ ಮೇಲೆ "ಇಲ್ಲೇ ಇರು, ಬಂದೆ" ಅಂತ ಹೋದವರು ಅರ್ಧ ಗಂಟೆ ಬರಲಿಲ್ಲ. ಕೈಯಲ್ಲಿ ಎರಡು ಮೆಣಸಿನಕಾಯಿ ಬಜ್ಜಿ ಹಿಡಿದು ನಿಂತಿದ್ದೆ, ಅವು ಆರಿ ತಣ್ಣಗಾದವು. ಬಂದಾಗ ನಿಮ್ಮ ಮುಖ ಒದ್ದೆಯಾಗಿತ್ತು. ಬಾಯಲ್ಲಿ ಏಲಕ್ಕಿ ವಾಸನೆ. ನಿಮಗೆ ಏಲಕ್ಕಿ ಅಗಿಯುವ ಅಭ್ಯಾಸವೇ ಇಲ್ಲ. ಆ ರಾತ್ರಿ ಲಾಡ್ಜ್‌ನಲ್ಲಿ ಮಾತೂ ಆಡದೆ ಗೋಡೆ ಕಡೆ ತಿರುಗಿ ಮಲಗಿದಿರಿ.

ನೇರವಾಗಿ ಕೇಳುತ್ತೇನೆ. ಕುಡಿದಿದ್ದಿರಾ? ಶನಿವಾರವೂ, ಭಾನುವಾರ ಬೆಳಿಗ್ಗೆಯೂ?

ಹೌದು ಅಥವಾ ಇಲ್ಲ ಅಂತ ಬರೆಯಿರಿ. ಫೋನ್ ಮಾಡಬೇಡಿ.

ಸುನಂದ


ಲಕ್ಕೂರು
6 ಮಾರ್ಚ್ 2025

ಸುನಂದಾ,

ಹೌದು.

ಕೋಲಾರದಲ್ಲಿ ಫ್ಯಾಕ್ಟರಿಯ ಗೆಳೆಯನೊಬ್ಬ ಸಿಕ್ಕಿದ. ಬಲವಂತ ಮಾಡಿದ. ಬೆಳಿಗ್ಗೆ ತಲೆನೋವೆಂದು ಮತ್ತೆ ಸ್ವಲ್ಪ ತೆಗೆದುಕೊಂಡೆ. ತಪ್ಪಾಯಿತು. ಇನ್ನು ಮುಟ್ಟುವುದಿಲ್ಲ. ಇದು ನಿನ್ನಲ್ಲೇ ಇರಲಿ, ಅರ್ಪಿತಳ ಸಂಬಂಧದ ಮಾತು ನಡೆಯುತ್ತಿರುವಾಗ ಊರಿಗೆಲ್ಲ ಗೊತ್ತಾಗುವುದು ಬೇಡ.

ಅಮರ್


ರಾಯಲ್ಪಾಡು
12 ಮಾರ್ಚ್ 2025

ಅಮರನಾಥ್ ಅವರಿಗೆ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಬಲವಂತ ಮಾಡಿದ ಗೆಳೆಯನಿಗೆ ಹೆಸರಿಲ್ಲ. ಇರಲಿ.

ನಮ್ಮ ತಾತ ಕುಡಿದೇ ಹೋದವರು. ಅಜ್ಜಿ ಪಟ್ಟ ಪಾಡು ನೋಡಿಕೊಂಡು ಬೆಳೆದವರು ನಮ್ಮಪ್ಪ. ಸಂಬಂಧ ಕೂಡಿಸುವಾಗ ನಿಮ್ಮ ಬಗ್ಗೆ ಅವರು ವಿಚಾರಿಸಿದ್ದು ಒಂದೇ ಪ್ರಶ್ನೆ: "ಹುಡುಗ ಕುಡೀತಾನಾ?" ನಿಮ್ಮಮ್ಮ "ಅವನ ಕೈಯಲ್ಲಿ ಕಾಫಿ ಲೋಟ ಬಿಟ್ರೆ ಬೇರೆ ನೋಡಿಲ್ಲ ಬೀಗರೇ" ಅಂದಿದ್ದರು.

ವಿಷಯ ಅಪ್ಪನಿಗೆ ಗೊತ್ತಾಗಿದೆ. ಬರುವ ಭಾನುವಾರ ಲಕ್ಕೂರಿಗೆ ಬರುತ್ತಾರೆ. ನಾನು ತಡೆಯಲಿಲ್ಲ.

ಸುನಂದ


ಲಕ್ಕೂರು
18 ಮಾರ್ಚ್ 2025

ಸುನಂದಾ,

ಮಾವ ಬಂದಿದ್ದರು. ಜೊತೆಗೆ ನಿಮ್ಮೂರಿನ ಹಿರಿಯರು ಚನ್ನರಾಯಪ್ಪನವರೂ ಇದ್ದರು. ಏನು ನಡೆಯಿತೆಂದು ಅವರೇ ಹೇಳಿರುತ್ತಾರೆ. ದೇವರ ಮನೆಯಲ್ಲಿ ದೀಪ ಮುಟ್ಟಿ ಆಣೆ ಮಾಡಿದ್ದೇನೆ, ಇನ್ನು ಕುಡಿಯುವುದಿಲ್ಲ ಎಂದು. ಮಾವ ಊಟಕ್ಕೆ ನಿಲ್ಲಲಿಲ್ಲ. ನೀರು ಕುಡಿದು ಹೋದರು.

ನಿನಗೆ ಸಮಾಧಾನವಾಗಿದೆಯೆಂದು ಅಂದುಕೊಳ್ಳುತ್ತೇನೆ.

ಅಮರ್


ರಾಯಲ್ಪಾಡು
22 ಮಾರ್ಚ್ 2025

ರೀ,

ಅಪ್ಪ ಲಕ್ಕೂರಿನಿಂದ ಬಂದ ದಿನ ನೇರ ಹೋಗಿ ಮಲಗಿಬಿಟ್ಟರು. ಮಾರನೆಯ ದಿನ ಕಾಫಿ ಕುಡಿಯುತ್ತಾ "ಅಲ್ಲುಡು ಎದುರು ಮಾತಾಡ್ಲಿಲ್ಲಮ್ಮಾ. ನಾನು ಬಾಯಿಗೆ ಬಂದಂಗೆ ಬೈದ್ರೂ ತಲೆ ಎತ್ಲಿಲ್ಲ. ಅಂಥೋನು ಸರಿಹೋಗ್ತಾನೆ" ಅಂದರು. ಅಳಿಯನನ್ನು ಅವರು 'ಅಲ್ಲುಡು' ಅಂದದ್ದು ವಿಷಯ ಗೊತ್ತಾದ ಮೇಲೆ ಇದೇ ಮೊದಲು. ನಾನು ಒಳಗೆ ಹೋಗಿ ಅತ್ತೆ.

ಸಿಟ್ಟು ಇಳಿದಿದೆ. ಮನುಷ್ಯ ತಪ್ಪು ಮಾಡುತ್ತಾನೆ, ನೀವು ಒಪ್ಪಿಕೊಂಡಿರಿ. ಸುಳ್ಳು ಹೇಳಿಕೊಂಡೇ ಇದ್ದಿದ್ದರೆ ನನಗೆ ತಡೆಯಲಾಗುತ್ತಿರಲಿಲ್ಲ.

ಮೂವತ್ತರ ಭಾನುವಾರ ಯುಗಾದಿ. ಬನ್ನಿ. ಬೈಕಿನಲ್ಲೇ ಬನ್ನಿ. ಶ್ರೀನಿವಾಸಪುರದಲ್ಲಿ ಎಕ್ಸಿಬಿಷನ್ ಇನ್ನೂ ಎತ್ತಿಲ್ಲವಂತೆ, ಮಾವಿನ ಕಾಲ ಶುರುವಾಗುವವರೆಗೂ ಇರುತ್ತದಂತೆ. ಭುಜ ಈಗ ನೋಯುವುದಿಲ್ಲ. ನಿಮ್ಮ ಹಿಂದೆ ಕೂರಲು ನನಗೆ ಭಯವಿಲ್ಲ ಅಂತ ನಿಮಗೆ ತೋರಿಸಬೇಕು.

ನಿಮ್ಮ
ಸುನಂದ


ಲಕ್ಕೂರು
26 ಮಾರ್ಚ್ 2025

ಸುನಂದಾ,

ಯುಗಾದಿಗೆ ಬರಲಾಗುವುದಿಲ್ಲ. ಡ್ಯೂಟಿ ಇದೆ. ಬೈಕನ್ನೂ ರಿಪೇರಿಗೆ ಬಿಟ್ಟಿದ್ದೇನೆ, ಯಾವಾಗ ಕೊಡುತ್ತಾರೋ ಗೊತ್ತಿಲ್ಲ. ಮಾವನಿಗೆ ಹೇಗಾದರೂ ಹೇಳು.

ನೀನು ಸ್ವಲ್ಪ ದಿನ ಅಲ್ಲೇ ಇರುವುದು ಒಳ್ಳೆಯದು.

ಅಮರ್


ರಾಯಲ್ಪಾಡು
1 ಏಪ್ರಿಲ್ 2025

ಅಮರನಾಥ್ ಅವರಿಗೆ,

ನಿಮ್ಮ ನಾಲ್ಕು ಸಾಲು ಹಬ್ಬದ ಹಿಂದಿನ ದಿನ ಬಂತು. ನಿಮಗೆ ನಾನು ಬೇಡವಾಗಿದ್ದೇನೆ ಅಂದುಕೊಂಡೆ. ಹಬ್ಬದ ದಿನ ತಲೆಗೆ ನೀರು ಹಾಕಿಕೊಳ್ಳಲೂ ಮನಸ್ಸಿರಲಿಲ್ಲ. ಅಮ್ಮ ಬೈದು ಬೆಲ್ಲ ತರಲು ಅಂಗಡಿಗೆ ಕಳಿಸಿದಳು.

ಅಂಗಡಿಯ ಮುಂದೆ ಒಬ್ಬರು ನನ್ನ ಕೈಪಟ್ಟಿಯನ್ನೇ ನೋಡುತ್ತಿದ್ದರು. "ಏನಮ್ಮಾ, ನಮ್ಮ ಟೊಮೇಟೊ ತೋಟದಾಗೆ ಬಿದ್ದೋರಲ್ವಾ ನೀವು?" ಅಂದರು. ಆಂಜಿ ಅಂತ ಅವರ ಹೆಸರು. ಅವರ ಹೆಂಡತಿಯ ತವರು ನಮ್ಮೂರೇ, ಹಬ್ಬಕ್ಕೆ ಬಂದಿದ್ದರು. ಅವತ್ತು ನನ್ನನ್ನು ಎತ್ತಿದವರು ಅವರೇ. ನಾನು ಕೈ ಮುಗಿದೆ.

"ಯಜಮಾನ್ರು ಹೆಂಗವ್ರೆ? ಆಮೇಲೆ ಮತ್ತೆ ಫಿಟ್ಸ್ ಬಂತಾ?" ಅಂದರು.

"ಯಾರಿಗೆ?" ಅಂದೆ.

"ಇನ್ಯಾರಿಗಮ್ಮಾ, ನಿಮ್ಮ ಯಜಮಾನ್ರಿಗೇ. ನೀವು ಎಚ್ಚರ ತಪ್ಪಿದ್ರಿ, ನಿಮಗೆ ಗೊತ್ತಾಗಿಲ್ಲ. ಬಾಯಾಗೆ ನೊರೆ, ಕೈಕಾಲು ಒದರ್ತಾ ಇದ್ರು. ಕಬ್ಬಿಣ ಕೊಟ್ರೆ ನಿಲ್ತದೆ ಅಂತಾರಲ್ಲ, ನಮ್ಮ ಪಂಪ್‌ಸೆಟ್ ರೂಮಿನ ಬೀಗದ ಕೈ ಕೊಟ್ಟೆ. ಎದ್ದ ಮೇಲೂ ಒಂದು ಗಳಿಗೆ ಅವರಿಗೆ ಯಾರ ಗುರುತೂ ಸಿಕ್ಲಿಲ್ಲ."

ನಾನು ಮೆಲ್ಲಗೆ, "ಅವರು ಕುಡಿದಿದ್ರಾ?" ಅಂತ ಕೇಳಿದೆ. ಅವರಿಗೆ ಸಿಟ್ಟೇ ಬಂತು. "ಏನ್ ಮಾತೂಂತ ಆಡ್ತೀರಮ್ಮಾ. ಮುಖಕ್ಕೆ ಮುಖ ಕೊಟ್ಟು ಎತ್ತಿದೋನು ನಾನು. ಕುಡಿದಿದ್ರೆ ನನಗೆ ವಾಸನೆ ಬರಲ್ವಾ?"

ಬೆಲ್ಲ ಅಂಗಡಿಯಲ್ಲೇ ಬಿಟ್ಟು ಮನೆಗೆ ಬಂದೆ.

ಈಗ ಹೇಳಿ. ಇದು ಯಾವಾಗಿನಿಂದ? ಯಾರ ಯಾರಿಗೆ ಗೊತ್ತು? ನಿಮ್ಮಮ್ಮನಿಗೆ, ಅರ್ಪಿತಳಿಗೆ, ಎಲ್ಲರಿಗೂ ಗೊತ್ತಿದ್ದು, ಪಕ್ಕದಲ್ಲಿ ಮಲಗುವ ನನಗೊಬ್ಬಳಿಗೇ ಗೊತ್ತಿಲ್ಲವೇ? ಗೊತ್ತಿದ್ದೂ ನನ್ನನ್ನು ಹಿಂದೆ ಕೂರಿಸಿಕೊಂಡು ಬೈಕು ಓಡಿಸಿದಿರಾ? ದಿನಾ ಆ ತಗಡು ಒತ್ತುವ ಪ್ರೆಸ್ ಮೆಷಿನ್ನಿಗೆ ಕೈ ಕೊಟ್ಟು ನಿಲ್ಲುತ್ತೀರಲ್ಲ, ಅದು ಮೇಲಿನಿಂದ ಬೀಳುವಾಗ ನಿಮಗೆ ಹಾಗಾದರೆ?

ನಾಯಿ ಅಂದಿರಿ, ನಂಬಲಿಲ್ಲ. ಕುಡಿದಿದ್ದೆ ಅಂದಿರಿ, ನಂಬಿದೆ. ಇನ್ನೊಂದು ಸುಳ್ಳು ಬರೆದರೆ ಪತ್ರವನ್ನು ಓದದೆ ವಾಪಸ್ ಕಳಿಸುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ನಿಮ್ಮ ಉತ್ತರ ನೋಡಿ ಹೇಳುತ್ತೇನೆ.

ಸುನಂದ


ಲಕ್ಕೂರು
6 ಏಪ್ರಿಲ್ 2025

ಸುನಂದಾ,

ಎರಡು ಸಲ ಬರೆದು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಬಂತು. ಐಟಿಐ ಓದುವಾಗ, ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ. ಎದ್ದು ನೋಡಿದರೆ ಎಲ್ಲರೂ ತಟ್ಟೆ ಹಿಡಿದು ದೂರ ನಿಂತಿದ್ದರು. ಆಮೇಲೆ ಯಾರೂ ನನ್ನ ಪಕ್ಕದಲ್ಲಿ ಕೂತು ಊಟ ಮಾಡಲಿಲ್ಲ. ಅದು ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಯಾರಿಗೆ ಹೇಳಲಿ? ಆವತ್ತೇ ತೀರ್ಮಾನ ಮಾಡಿದೆ, ಇನ್ನು ಯಾರಿಗೂ ತಿಳಿಯಬಾರದು ಎಂದು.

ಮಾತ್ರೆ ತೆಗೆದುಕೊಂಡರೆ ಬರುವುದಿಲ್ಲ. ಮದುವೆಗೆ ಮೊದಲು ಮೂರು ವರ್ಷ ಬಂದಿರಲಿಲ್ಲ. ನಿಮ್ಮ ಮನೆಗೆ ಹೇಳೋಣವೆಂದೆ. ಅಮ್ಮ, "ಬರದೇ ಇರೋ ಕಾಯಿಲೇನ ಯಾಕೆ ಕರೀತೀಯ? ಅರ್ಪಿತಂದು ಆಗೋವರ್ಗೂ ಬಾಯಿ ಮುಚ್ಕೊಂಡಿರು" ಎಂದಳು. ಅಮ್ಮನ ಮೇಲೆ ಹಾಕುವುದಿಲ್ಲ. ಮೂವತ್ತರ ಗಂಡಸು, ನನಗೂ ಅದೇ ಬೇಕಾಗಿತ್ತು. ಅರ್ಪಿತಳಿಗೆ ಗೊತ್ತಿರಲಿಲ್ಲ.

ಮಾತ್ರೆ ಫ್ಯಾಕ್ಟರಿಯ ಲಾಕರಿನಲ್ಲಿ ಇಡುತ್ತಿದ್ದೆ. ರಜೆಯ ದಿನಕ್ಕೆ ಬೇಕಾದಷ್ಟನ್ನು ಬೈಕಿನ ಪೆಟ್ಟಿಗೆಯಲ್ಲಿ. ನಾವು ಹೊರಟ ಹಿಂದಿನ ದಿನ ನೀನು ಬಟ್ಟೆ ಇಡಲು ಆ ಪೆಟ್ಟಿಗೆಯನ್ನು ತೆಗೆಯುತ್ತೇನೆಂದೆ. ನಿನಗೆ ಕಂಡೀತೆಂದು ಎಲ್ಲವನ್ನೂ ಲಾಕರಿಗೆ ಹಾಕಿ ಬಂದೆ. ಎರಡು ದಿನ ತಾನೇ ಎಂದುಕೊಂಡೆ.

ಕೊಲಂಬಸ್ ಇಳಿದಾಗ ಬಲಗೈ ಬೆರಳು ತಾವಾಗಿಯೇ ಎಳೆಯುತ್ತಿದ್ದವು. ಅದು ಬರುವ ಮುನ್ಸೂಚನೆ, ನನಗೆ ಗೊತ್ತು. ಆ ಅರ್ಧ ಗಂಟೆ ಮೆಡಿಕಲ್ ಸ್ಟೋರ್ ಹುಡುಕಿಕೊಂಡು ಹೋಗಿದ್ದೆ. ಮೂರು ಅಂಗಡಿಯಲ್ಲೂ "ಡಾಕ್ಟರ ಚೀಟಿ ಇಲ್ದೆ ಆ ಮಾತ್ರೆ ಕೊಡಲ್ಲ" ಎಂದರು. ಅವರು ಹೇಳಿದ್ದು ಸರಿಯೇ. ನಲ್ಲಿಯಲ್ಲಿ ಮುಖ ತೊಳೆದೆ. ಬೀಡಾ ಅಂಗಡಿಯವನು ನನ್ನ ಮುಖ ನೋಡಿ, ತಲೆ ಸುತ್ತಿರಬೇಕೆಂದು ಏಲಕ್ಕಿ ಕೊಟ್ಟ. ಬಂದು ನೋಡಿದರೆ ನೀನು ಆರಿದ ಬಜ್ಜಿ ಹಿಡಿದುಕೊಂಡು ನಿಂತಿದ್ದೆ. ಆಗಲೇ ಹೇಳಬೇಕಾಗಿತ್ತು.

ಕಾಯಿಲೆಗೆ ನಾನು ಕ್ಷಮೆ ಕೇಳುವುದಿಲ್ಲ, ಅದು ನಾನು ಮಾಡಿದ್ದಲ್ಲ. ಆದರೆ ಭಾನುವಾರ ಬೆಳಿಗ್ಗೆ ನನ್ನ ಮೈ ಹೇಗಿದೆಯೆಂದು ನನಗೆ ಗೊತ್ತಿತ್ತು. "ಬೈಕು ಇಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗೋಣ" ಎಂದಿದ್ದರೆ ಸಾಕಾಗಿತ್ತು. ಅಷ್ಟು ಹೇಳಿದರೆ ನೀನು ಯಾಕೆ ಎಂದು ಕೇಳುತ್ತಿದ್ದೆ. ಆ ಯಾಕೆಗೆ ಹೆದರಿ ನಿನ್ನನ್ನು ಹಿಂದೆ ಕೂರಿಸಿಕೊಂಡೆ. ಲಾರಿ ಬಂದಿದ್ದರೆ ನೀನು ಇರುತ್ತಿರಲಿಲ್ಲ. ಇದು ನಾನು ಮಾಡಿದ್ದು.

ಕುಡಿದಿದ್ದಿರಾ ಎಂದು ನೀನೇ ಕೇಳಿದಾಗ, ನಿಜ ಹೇಳುತ್ತೇನೆ, ಬಾಗಿಲು ತೆರೆದ ಹಾಗಾಯಿತು. ಕುಡುಕನನ್ನು ಜನ ಬೈದು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ. ಮಾವ ನಮ್ಮ ನಡುಮನೆಯಲ್ಲಿ ನಿಂತು "ನನ್ನ ಮಗಳ್ನ ಸಾಯ್ಸೋಕೆ ಕರ್ಕೊಂಡು ಹೋಗಿದ್ದೇನಯ್ಯಾ?" ಎಂದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿದ್ದಳು. ನಾನು ಹನಿಯೂ ಮುಟ್ಟಿದವನಲ್ಲವೆಂದು ಅವಳಿಗೆ ಗೊತ್ತು. ತುಟಿ ಬಿಚ್ಚಲಿಲ್ಲ. ದೀಪ ಮುಟ್ಟಿ ನಾನು ಎಂದೂ ಮಾಡದ್ದನ್ನು ಇನ್ನು ಮಾಡುವುದಿಲ್ಲವೆಂದು ಆಣೆ ಹಾಕಿದೆ. ಮಾವ ಅದನ್ನು ನಂಬಿ ಕಣ್ಣೊರೆಸಿಕೊಂಡರು. ಅವರ ಬೈಗುಳವನ್ನು ತಡೆದುಕೊಂಡೆ, ಅದನ್ನು ತಡೆಯಲಾಗಲಿಲ್ಲ.

ಆಮೇಲೆ ಸರಿಯಾಗಿ ನಿದ್ದೆ ಬಂದಿಲ್ಲ. ನೀನು ಯುಗಾದಿಗೆ ಕರೆದು ಬರೆದ ಪತ್ರ ಕೈಗೆ ಬಂದ ದಿನ ಪ್ರೆಸ್ಸಿನ ಮುಂದೆ ಕೈ ಅದುರಿತು. ತಗಡು ಓರೆಯಾಯಿತು. ಬೆರಳು ಉಳಿಯಿತು. ಬೈಕು ರಿಪೇರಿಗೆ ಹೋಗಿಲ್ಲ ಸುನಂದಾ. ನಿನ್ನ ಹತ್ತಿರ ಅದರಲ್ಲಿ ಬರಲು ನನಗೆ ಧೈರ್ಯವಿರಲಿಲ್ಲ.

ನಿನ್ನ ಈ ಪತ್ರ ಓದಿ ನಿನ್ನೆ ಸೂಪರ್‌ವೈಸರ್ ಕೋದಂಡರಾಮಪ್ಪನವರಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು. "ಹತ್ತೂ ಬೆರಳು ಇಟ್ಕೊಂಡು ಹೇಳ್ತಾ ಇದೀಯಲ್ಲ, ಅದೇ ದೊಡ್ಡದು ಕಣಯ್ಯ" ಎಂದರು. ಡಾಕ್ಟರ ಪತ್ರ ತರುವವರೆಗೆ ಒಳಗೆ ಬರಬೇಡ ಎಂದಿದ್ದಾರೆ. ತಂದ ಮೇಲೂ ಪ್ರೆಸ್ಸಿಗೆ ಇಲ್ಲ, ಪ್ಯಾಕಿಂಗಿಗೆ ಕೇಳಿ ನೋಡುತ್ತೇನೆ ಎಂದರು. ಖಚಿತವಾಗಿ ಹೇಳಲಿಲ್ಲ.

ಅರ್ಪಿತಳಿಗೂ ಹೇಳಿದೆ. ಅವಳು ಅತ್ತದ್ದು ನನ್ನ ಕಾಯಿಲೆಗಲ್ಲ. "ನನ್ನ ಮದ್ವೆಗೋಸ್ಕರ ಅತ್ತಿಗೆ ಎಲುಬು ಮುರ್ಕೊಂಡ್ರಾ?" ಎಂದಳು. ಗಂಡಿನ ಮನೆಗೆ ತಾನೇ ಹೇಳುತ್ತಾಳಂತೆ. ಅಮ್ಮ ನಿನ್ನೆಯಿಂದ ನಮ್ಮಿಬ್ಬರೊಂದಿಗೂ ಮಾತಾಡುತ್ತಿಲ್ಲ.

ನೀನು ಬರಬೇಕೆಂದು ಕೇಳುವುದಿಲ್ಲ. ಮಾವನಿಗೆ ನಾನೇ ಬಂದು ಹೇಳಲೇ, ನೀನು ಹೇಳುತ್ತೀಯಾ, ಅಷ್ಟು ತಿಳಿಸು. ಬರುವುದಾದರೆ ಬಸ್ಸಿನಲ್ಲಿ ಬರುತ್ತೇನೆ.

ಅಮರನಾಥ


ರಾಯಲ್ಪಾಡು
11 ಏಪ್ರಿಲ್ 2025

ರೀ,

ನಿಮ್ಮ ಪತ್ರವನ್ನು ಮಾವಿನ ತೋಪಿಗೆ ಕೊಂಡುಹೋಗಿ ಒಬ್ಬಳೇ ಓದಿದೆ. ಓದಿ ಮುಗಿಸಿದ ಮೇಲೂ ಸಿಟ್ಟು ಹೋಗಲಿಲ್ಲ, ಈಗಲೂ ಇದೆ. ಎರಡು ವರ್ಷ ಪಕ್ಕದಲ್ಲಿ ಮಲಗಿದವಳನ್ನು ನೀವು ಆ ಹಾಸ್ಟೆಲ್ಲಿನವರ ಸಾಲಿಗೆ ಸೇರಿಸಿದಿರಿ. ನಾನು ತಟ್ಟೆ ಎತ್ತಿಕೊಂಡು ದೂರ ಹೋಗುವವಳು ಅಂತ ನನ್ನನ್ನು ಕೇಳದೆಯೇ ತೀರ್ಮಾನ ಮಾಡಿದಿರಿ. ಇದನ್ನು ಮರೆಯಲು ನನಗೆ ದಿನ ಬೇಕು.

ಆದರೆ ನನ್ನದೂ ಒಂದಿದೆ, ಬರೆಯದಿದ್ದರೆ ಆಗುವುದಿಲ್ಲ. 'ವಿಷಯ ಅಪ್ಪನಿಗೆ ಗೊತ್ತಾಗಿದೆ' ಅಂತ ಬರೆದಿದ್ದೆನಲ್ಲ, ಹೇಳಿದವಳು ನಾನೇ. ಅದೂ ನೀವು ಒಪ್ಪಿಕೊಂಡ ಪತ್ರ ಬರುವ ಮೊದಲೇ. ಮಾರ್ಚ್ ನಾಲ್ಕರಂದು ಅಪ್ಪ "ಅಲ್ಲುಡು ಯಾಕಮ್ಮಾ ಈ ಕಡೆ ತಲೆ ಹಾಕ್ತಿಲ್ಲ?" ಅಂದಾಗ, "ಕುಡಿದು ಬೀಳಿಸಿದ್ರಪ್ಪಾ, ನಾನೇ ನೋಡ್ದೆ" ಅಂದುಬಿಟ್ಟೆ. ನೋಡಿರಲಿಲ್ಲ. ಬರೀ ಅನುಮಾನವನ್ನು ನೋಡಿದ್ದೆ ಅಂತ ಹೇಳಿದೆ. ನಿಮ್ಮ ಪತ್ರದಲ್ಲಿ 'ಹೌದು' ಅಂತ ಕಂಡಾಗ ನನಗೆ ಬೇಜಾರಾಗುವ ಮೊದಲು ಸಮಾಧಾನವಾಯಿತು, ನಾನು ಹೇಳಿದ್ದು ಸುಳ್ಳಾಗಲಿಲ್ಲ ಅಂತ. ಭುಜ ನೋಯುವುದಿಲ್ಲ ಅಂದದ್ದೂ ಸುಳ್ಳೇ. ಎಲುಬು ಸರಿಯಾಗಿ ಕೂಡಿಲ್ಲವಂತೆ, ಪ್ಲೇಟ್ ಹಾಕಬೇಕಾಗಬಹುದಂತೆ. ನಿಮ್ಮನ್ನು ಕರೆಸಿಕೊಳ್ಳಬೇಕಾಗಿತ್ತು, ಅದಕ್ಕೆ ಮುಚ್ಚಿಟ್ಟೆ.

ನಿನ್ನೆ ಅಪ್ಪನಿಗೆ ಎರಡೂ ಹೇಳಿದೆ, ನಿಮ್ಮದನ್ನೂ ನನ್ನದನ್ನೂ. ಕಾಯಿಲೆಯ ಮಾತು ಬಂದಾಗ ಅವರ ಮುಖ ಕೆಂಪಾಯಿತು. "ಮೊದ್ಲೇ ಹೇಳಿದ್ರೆ ನಿನ್ನ ಆ ಮನೆಗೆ ಕೊಡ್ತಾನೇ ಇರ್ಲಿಲ್ಲ" ಅಂದರು.

"ಅದಕ್ಕೇ ಹೇಳಿಲ್ಲಪ್ಪಾ" ಅಂದೆ.

"ಹಂಗಾದ್ರೆ ಅವತ್ತು ಅವನು ಕುಡಿದಿರ್ಲಿಲ್ವಾ?" ಅಂದರು.

"ಇಲ್ಲ. ಯಾವತ್ತೂ ಕುಡಿದಿಲ್ಲ."

"ಮತ್ತೆ ನನ್ನೆದುರು ದೀಪ ಮುಟ್ಟಿದ್ನಲ್ಲಮ್ಮಾ?"

ಅಪ್ಪ ಎದ್ದು ತೋಪಿನ ಕಡೆ ಹೋದರು. ಬಂದವರು ಸ್ನಾನ ಮಾಡಿ, ಊಟಕ್ಕೆ ಕೂತು, ಕಲಸಿದ ಅನ್ನವನ್ನು ಹಾಗೇ ಬಿಟ್ಟು, "ಆ ಚನ್ನರಾಯಪ್ಪನ ಮುಂದೆ ಎಂಥೆಂಥ ಮಾತಂದೆ ಅವನ್ಗೆ" ಅಂತ ಎದ್ದುಬಿಟ್ಟರು. ಇವತ್ತು ಬೆಳಿಗ್ಗೆ ತಾವೇ ಹೋಗಿ ಚನ್ನರಾಯಪ್ಪನವರಿಗೆ ಹೇಳಿ ಬಂದಿದ್ದಾರೆ, ನಮ್ಮ ಹುಡುಗ ಕುಡಿಯೋನಲ್ಲ, ತಪ್ಪು ನಮ್ಮದೇ ಅಂತ.

ಈಗ ಕೇಳಿ. ಹದಿನೇಳನೆಯ ತಾರೀಖು ಗುರುವಾರ, ಬೆಳಿಗ್ಗೆ ಹತ್ತಕ್ಕೆ ನನ್ನ ಭುಜ ತೋರಿಸಲು ಕೋಲಾರದ ಆಸ್ಪತ್ರೆಗೆ ಬರುತ್ತಿದ್ದೇನೆ. ಅಲ್ಲೇ ನರಗಳ ಡಾಕ್ಟರೂ ಇದ್ದಾರೆ, ನಿಮ್ಮ ಹೆಸರನ್ನೂ ಬರೆಸಿದ್ದೇನೆ. ಹಳೆಯ ಚೀಟಿಗಳನ್ನೆಲ್ಲ ತನ್ನಿ, ಒಂದೂ ಬಿಡಬೇಡಿ. ಡಾಕ್ಟರು ಹೇಳುವಾಗ ನಾನೂ ಒಳಗೆ ಕೂರುತ್ತೇನೆ. ನಿಮಗೆ ಹಾಗಾದಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ನಾನೇ ಕೇಳಿ ಬರೆದುಕೊಳ್ಳುತ್ತೇನೆ. ಪ್ಲೇಟ್ ಬೇಡವೆಂದರೆ ಅಲ್ಲಿಂದಲೇ ನಿಮ್ಮ ಜೊತೆ ಮಾಲೂರಿನ ಬಸ್ಸು ಹತ್ತುತ್ತೇನೆ. ಬೇಕೆಂದರೆ ಆಪರೇಷನ್ ಮುಗಿದ ಮೇಲೆ. ಆದರೆ ಮಾತ್ರೆ ಇನ್ನು ಲಾಕರಿನಲ್ಲಿ ಇರಕೂಡದು. ಅಡುಗೆಮನೆಯ ಗೂಡಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇರಬೇಕು. ಅತ್ತೆಗೆ ಅದನ್ನು ನಾನೇ ಹೇಳುತ್ತೇನೆ.

ಅಪ್ಪನೂ ನನ್ನ ಜೊತೆ ಬರುತ್ತಾರೆ. ನಿಮಗೆ ಏನೋ ಹೇಳಬೇಕಂತೆ. ನಿನ್ನೆಯಿಂದ ಅದನ್ನೇ ಬಾಯಲ್ಲಿ ಹೇಳಿಕೊಂಡು ಓಡಾಡುತ್ತಿದ್ದಾರೆ. ಅವರು ಹೇಳಿ ಮುಗಿಸುವವರೆಗೂ ನಿಂತು ಕೇಳಿ. ನಡುವೆ ಕಾಲಿಗೆ ಬೀಳಬೇಡಿ. "ಪರವಾಗಿಲ್ಲ ಬಿಡಿ ಮಾವ" ಅಂತ ಮಾತ್ರ ಅನ್ನಬೇಡಿ.

ನಿಮ್ಮ
ಸುನಂದ